ಗೋಡೆಯಾಚೆಯ ಕೆಮ್ಮು

ಮೇಲಿನ ಮನೆ, ಟುಕುಯು ದಿಬ್ಬ
ಬುಧವಾರ ಮಧ್ಯಾಹ್ನ

ಮಾವನವರಿಗೆ, ತಲೆಯ ಮೇಲೆ ಕಾಂಗಾ ಬಟ್ಟೆ ಎಳೆದುಕೊಂಡೇ ಬರೆಯುತ್ತಿರುವ ಸೊಸೆಯ ನಮಸ್ಕಾರಗಳು.

ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಬಾಳೆಯ ತೋಟ ಒಂದೇ. ಅತ್ತೆ ಅಲ್ಲಿಂದ ಕೂಗಿದರೆ ನಾನು ಇಲ್ಲಿ ಓಗೊಡುತ್ತೇನೆ. ಇಷ್ಟು ಹತ್ತಿರ ಇರುವವರಿಗೆ ಕಾಗದ ಬರೆಯುತ್ತಿದ್ದಾಳೆಂದು ತಿಳಿದರೆ ಊರು ನಕ್ಕೀತು. ಆದರೆ ನಿಮ್ಮೊಡನೆ ಮಾತಾಡಲು ನನಗೆ ಇನ್ನೊಂದು ದಾರಿ ಇಲ್ಲ. ಮದುವೆಯಾಗಿ ಬಂದಂದಿನಿಂದ ನಿಮ್ಮ ಎದುರು ನಿಂತಿಲ್ಲ, ನಿಮ್ಮ ಹೆಸರನ್ನು ಬಾಯಲ್ಲಿ ಆಡಿಲ್ಲ, ನೀವು ಕೂತ ಮಣೆಯ ಮೇಲೆ ಕೂತಿಲ್ಲ. ಮಾವನ ಮುಖ ನೋಡಬಾರದು ಎಂದು ಅಮ್ಮ ಹೇಳಿಕೊಟ್ಟಾಗ, ಟೀಚರ್ ಟ್ರೈನಿಂಗ್ ಮುಗಿಸಿದ್ದ ನಾನು ಒಳಗೊಳಗೇ ನಕ್ಕಿದ್ದೆ. ನನ್ನ ಜೊತೆ ಓದಿದವರ ಮಾವಂದಿರು ಸೊಸೆಯರ ಪಕ್ಕದಲ್ಲೇ ಕೂತು ಟೀವಿ ನೋಡುತ್ತಾರೆ. ನಿಮ್ಮ ಮನೆಯಲ್ಲಿ ಮಾತ್ರ ಹಿಂದಿನ ರೀತಿ ಇನ್ನೂ ನಡೆಯುತ್ತಿದೆ, ನಾನೂ ಅದಕ್ಕೆ ಒಗ್ಗಿಕೊಂಡೆ. ಅಮ್ಮ ಬೇಡವೆಂದು ಹೇಳಿದ್ದರಲ್ಲಿ ಕಾಗದದ ಮಾತು ಇರಲಿಲ್ಲ. ಅದೊಂದನ್ನೇ ನಂಬಿ ಬರೆಯುತ್ತಿದ್ದೇನೆ. ಇದೂ ತಪ್ಪೆಂದು ನಿಮಗೆ ಅನ್ನಿಸಿದರೆ ಓದದೆ ಒಲೆಗೆ ಹಾಕಿಬಿಡಿ.

ಮಗು ಈಗ ತಾನೇ ಮಲಗಿದೆ. ಎರಡು ಸಾಲು ಬರೆದು ಒಮ್ಮೆ ಎದ್ದು ಹೋಗಿ ಅದರ ಮೂಗಿನ ಕೆಳಗೆ ಬೆರಳಿಟ್ಟು ನೋಡಿ ಬರುತ್ತೇನೆ. ಉಸಿರಾಡುತ್ತಿದೆ ಎಂದು ಗೊತ್ತು, ಆದರೂ ಹೋಗುತ್ತೇನೆ. ಹುಟ್ಟಿದಂದಿನಿಂದ ನನ್ನ ನಿದ್ದೆ ಹೀಗೇ ಚೂರುಚೂರು. ಹಾಲು ಸಾಕಾಗುತ್ತಿದೆಯೋ ಇಲ್ಲವೋ, ಹೊಕ್ಕುಳು ಸರಿಯಾಗಿ ಒಣಗಿತೋ ಇಲ್ಲವೋ, ಎಲ್ಲಕ್ಕೂ ಹೆದರಿಕೆ. ನಿಮ್ಮ ಹೆಸರನ್ನೇ ಅವನಿಗೆ ಇಟ್ಟಿದ್ದೀರಿ. ಎಲ್ಲರೂ ಆ ಹೆಸರು ಹಿಡಿದು ಕೂಗುತ್ತಾರೆ. ಹೆತ್ತ ನಾನೊಬ್ಬಳು ಕೂಗುವಂತಿಲ್ಲ. ಪುಟ್ಟಜ್ಜ ಎನ್ನುತ್ತೇನೆ. ನಿಮ್ಮ ಮಗ ಅದನ್ನು ಕೇಳಿ, "ನೋಡಪ್ಪಾ, ನನ್ನಪ್ಪನಿಗೆ ಡೈಪರ್ ಕಟ್ತಾಳೆ ಇವಳು" ಎಂದು ನಗಿಸುತ್ತಾರೆ.

ಈ ಮನೆಯಲ್ಲಿ ನನಗೆ ಮೊದಲು ಪರಿಚಯವಾದದ್ದು ನಿಮ್ಮ ಕೆಮ್ಮು. ಬಾಳೆಗಿಡಗಳ ಆಚೆ ತಿರುವಿನಲ್ಲೇ ನಿಂತು ನೀವು ಎರಡು ಸಲ ಕೆಮ್ಮುತ್ತೀರಿ. ನಾನು ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಸರಿಯುತ್ತೇನೆ. ಸರಿಯಲು ಬೇಕಾದಷ್ಟು ಹೊತ್ತು ಕೊಟ್ಟು ಆಮೇಲೆ ನೀವು ಹೆಜ್ಜೆ ಇಡುತ್ತೀರಿ. ಬಸುರಿಯಾಗಿ ನನ್ನ ನಡಿಗೆ ನಿಧಾನವಾದಾಗ ನೀವು ಇನ್ನೂ ದೂರದಿಂದ, ಆ ಆವಕಾಡೊ ಮರದ ಹತ್ತಿರದಿಂದಲೇ ಕೆಮ್ಮಲು ಶುರುಮಾಡಿದಿರಿ. ಯಾರೂ ಹೇಳಿರಲಿಲ್ಲ, ನೀವೇ ತಿಳಿದು ಮಾಡಿದ್ದು. ಅದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಮಾಡಿದ್ದನ್ನು ಈಗ ಬರೆಯಬೇಕು.

ಹೆರಿಗೆ ರಜೆಯಲ್ಲಿ ಮನೆಯಲ್ಲೇ ಕೂತು ಟ್ಯೂಷನ್ ಶುರುಮಾಡಿದೆನಲ್ಲ, ಆಗಿನ ಮಾತು. ಪ್ರೈಮರಿಯಲ್ಲಿ ಎಲ್ಲವನ್ನೂ ಸ್ವಾಹಿಲಿಯಲ್ಲಿ ಕಲಿತ ಮಕ್ಕಳು ಹೈಸ್ಕೂಲಿಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷು. ಪಾಪ, ಗಣಿತದ ಲೆಕ್ಕ ಬಂದರೂ ಪ್ರಶ್ನೆ ಅರ್ಥವಾಗದೆ ಸೋಲುತ್ತಾರೆ. ಅವರನ್ನು ಹೊರಕೋಣೆಯಲ್ಲಿ ಕೂರಿಸಿಕೊಂಡು ಗೋಡೆಗೆ ಹಲಗೆ ಒರಗಿಸಿ ಪಾಠ ಮಾಡುತ್ತಿದ್ದೆ. ಆ ಗೋಡೆಯ ಹಿಂದೆ ಕಟ್ಟಿಗೆ ಜೋಡಿಸಿಟ್ಟ ಜಾಗದಲ್ಲಿ ಒಂದು ದಿನ ನಿಮ್ಮ ಮೂರು ಕಾಲಿನ ಮಣೆ ಕಂಡಿತು, ಮೇಲೆ ಬಾಳೆಲೆ ಹಾಸಿತ್ತು. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡೆ. ಮರುದಿನ ಪಾಠದ ಮಧ್ಯೆ ಪುಟ್ಟಜ್ಜ ರಚ್ಚೆ ಹಿಡಿದ. ಎತ್ತಿಕೊಂಡರೂ ಬಿಡ, ಹಾಲಿಗೂ ಒಲ್ಲ. ಆಗ ಗೋಡೆಯ ಆಚೆಯಿಂದ ಚರ್ಚಿನ ಹಾಡಿನ ಗುನುಗು ಕೇಳಿಸಿತು, ಬಾಯಿ ಮುಚ್ಚಿಕೊಂಡೇ ಹಾಡುವ ಗುನುಗು. ಮಗು ಸುಮ್ಮನಾಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಏನೂ ಕೇಳದವಳಂತೆ ಪಾಠ ಮುಂದುವರಿಸಿದೆ.

ಆದ್ದರಿಂದ ಮಾವ, ನೀವು ಅಲ್ಲಿ ಕೂತಿರುತ್ತೀರಿ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲು ನಿನ್ನೆಯಿಂದ ಎರಡು ಹಾಳೆ ಹರಿದು ಹಾಕಿದ್ದೇನೆ. ಗೊತ್ತಿತ್ತು. ಗೊತ್ತಾದ ಮೇಲೆ ನಾನು ಮಾತನ್ನು ನಿಧಾನ ಮಾಡಿದೆ, ದನಿ ಎತ್ತರಿಸಿದೆ. ಪುಸ್ತಕದ ರೈಲು ವಿಮಾನಗಳ ಉದಾಹರಣೆ ಬಿಟ್ಟು ನಿಮ್ಮ ಹಸುವನ್ನು ಪಾಠಕ್ಕೆ ತಂದೆ. ಹಾಲಿನ ಕೇಂದ್ರದಲ್ಲಿ ಗಂಟೆ ಬಾರಿಸುವಷ್ಟರೊಳಗೆ ಕ್ಯಾನು ತಲುಪಲೇಬೇಕು, ಅದಕ್ಕೆ ಇಂಗ್ಲಿಷಿನಲ್ಲಿ 'ಬೈ'. ಗಂಟೆ ಬಾರಿಸುವ ತನಕ ಬಾಗಿಲು ತೆರೆದಿರುತ್ತದೆ, ಅದಕ್ಕೆ 'ಅಂಟಿಲ್'. ನಮ್ಮ ಸ್ವಾಹಿಲಿಯಲ್ಲಿ ಎರಡಕ್ಕೂ ಒಂದೇ ಮಾತು ಸಾಕು, ಇಂಗ್ಲಿಷಿನವರಿಗೆ ಸಾಲದು ಎಂದು ನಾನು ಹೇಳಿದಾಗ ಗೋಡೆಯಾಚೆ ಯಾರೋ "ಹೂಂ" ಎಂದರು. ಆ ಹೂಂಗಾಗಿ ನಾನು ಎಷ್ಟು ಹಿಗ್ಗಿದೆನೆಂದರೆ, ಒಳಗಿನ ಮಕ್ಕಳಿಗಿಂತ ಹೆಚ್ಚಾಗಿ ಆಚೆಯ ಒಬ್ಬರಿಗೇ ಪಾಠ ಮಾಡತೊಡಗಿದೆ.

ಈ ವಯಸ್ಸಿನಲ್ಲಿ ನಿಮಗೇಕೆ ಇಂಗ್ಲಿಷು ಎಂದು ಅತ್ತೆಯನ್ನು ಕೇಳಿದ್ದೆ. ಅವರು ಬೀನ್ಸ್ ಬಿಡಿಸುತ್ತಾ ಹೇಳಿದರು. "ಹೋದ ವರ್ಷ ಜರ್ಮನಿ ಚರ್ಚಿನೋರು ಬಂದಾಗ ಆದದ್ದು ನಿಂಗೊತ್ತಲ್ಲ. ಪ್ರಾರ್ಥನೆ ನಾಲ್ಕಕ್ಕೆ ಅಂದುಬಿಟ್ರು ನಿಮ್ಮ ಮಾವ. ನಾವು ಹೊತ್ತು ಹುಟ್ಟಿದಾಗಿಂದ ಗಂಟೆ ಎಣಿಸ್ತೀವಲ್ಲ, ನಮ್ಮ ಬೆಳಗಿನ ನಾಲ್ಕು ಅವರಿಗೆ ಹತ್ತು ಅಂತೆ. ಅವರು ಸಾಯಂಕಾಲ ಬಂದ್ರು, ಅಷ್ಟ್ರಲ್ಲಿ ಅನ್ನ ಆರಿ ಕಲ್ಲಾಗಿತ್ತು. ಈ ಸಲ ಸ್ವಾಗತದ ಮಾತು ತಾನೇ ಆಡಿ, ಅದನ್ನ ಸರಿ ಮಾಡ್ಕೋಬೇಕು ಅಂತ ಹಟ. ನನ್ನ ಮುಂದೆ ಹೇಳಿ ಹೇಳಿ ತೋರಿಸ್ತಾರೆ. ನನಗೆ ಅದೂ ಒಂದೇ, ಕೋಳಿ ಕೂಗೋದೂ ಒಂದೇ."

ಅದೇ ಅತಿಥಿಗಳು ಈ ಭಾನುವಾರ ಬರುತ್ತಿದ್ದಾರೆ.

ಹೋದ ವಾರದ ಗುರುವಾರ ನಮ್ಮ ಶಾಲೆಯ ಗ್ವಮಾಕಾ ಮೇಷ್ಟರು ಮಗು ನೋಡಲು ಬಂದಿದ್ದರು. ಸಕ್ಕರೆ, ಸೋಪು, ಮಗುವಿಗೊಂದು ಟೋಪಿ ತಂದಿದ್ದರು. ಪಾಠ ನಿಲ್ಲಿಸಬೇಡಿ ಎಂದು ಹೇಳಿ ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತರು. ಅವರು ಮಾತಿನಲ್ಲಿ ಚುರುಕು. ಶಾಲೆಯಲ್ಲಿ ಯಾರ ಇಂಗ್ಲಿಷು ಎಲ್ಲಿ ಎಡವಿತು ಎಂಬುದನ್ನು ಸ್ಟಾಫ್ ರೂಮಿನಲ್ಲಿ ಮೊದಲು ಹೇಳುವವರು ಅವರೇ. ಆ ಹೊತ್ತಿಗೆ ಹಲಗೆಯ ಮೇಲೆ ಒಂದು ತಪ್ಪು ವಾಕ್ಯ ಇತ್ತು. 'ಕಮ್ ಬ್ಯಾಕ್ ಅಂಟಿಲ್ ಫ್ರೈಡೇ.' ಮುಂದಿನ ಸಾಲಿನ ಟುಂಪೆ ಕೈ ಎತ್ತಿದಳು.

"ಟೀಚರ್, ಅದು ಸರಿನಾ?"

ಮೇಷ್ಟರು ಕಾಲು ಮಡಚಿ ನೆಟ್ಟಗೆ ಕೂತರು. ನಾನು ನಕ್ಕೆ. "ಸರಿಯಿಲ್ಲ. ಶುಕ್ರವಾರದೊಳಗೆ ವಾಪಸ್ ಬನ್ನಿ ಅನ್ನೋಕೆ 'ಬೈ' ಬೇಕು. ಆದ್ರೆ ನಮ್ಮೂರಿನ ಒಬ್ಬ ಹಿರಿಯರು ಹೋದ ವರ್ಷ ಅತಿಥಿಗಳನ್ನ ಕಳಿಸಿಕೊಡುವಾಗ ಹೀಗೇ ಅಂದಿದ್ರು" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಮಕ್ಕಳು ನಗಲು ಕಾಯುತ್ತಿದ್ದರು, ಮೇಷ್ಟರ ಕಣ್ಣು ಮಿನುಗುತ್ತಿತ್ತು. ನಾನು ಕಾಂಗಾ ಬಟ್ಟೆಯನ್ನು ಹೆಗಲ ಮೇಲೆ ಕೋಟಿನ ಹಾಗೆ ಹೊದ್ದುಕೊಂಡೆ. ಎರಡು ಸಲ ಕೆಮ್ಮಿದೆ. ನಿಮ್ಮ ಹಾಗೆಯೇ, ಮೊದಲನೆಯದು ಸಣ್ಣದು, ಎರಡನೆಯದು ಉದ್ದ. ಆಮೇಲೆ ದಪ್ಪ ದನಿಯಲ್ಲಿ ಆ ವಾಕ್ಯ ಹೇಳಿದೆ.

ಕೋಣೆ ಹಾರಿಹೋಗುವಂತೆ ನಗು. ಗ್ವಮಾಕಾ ಮೇಷ್ಟರು ತೊಡೆ ತಟ್ಟಿಕೊಂಡು, "ಅಯ್ಯೋ ಟೀಚರಮ್ಮ, ನಿಮ್ಮ ಮಾವನೇ ಬಂದು ನಿಂತಂಗಾಯ್ತಲ್ರೀ" ಎಂದರು. ನಾನು ಅಲ್ಲ ಎನ್ನಲಿಲ್ಲ. ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಾನೂ ನಕ್ಕೆ. ನಗುತ್ತಿರುವಾಗಲೇ ಗೋಡೆಯ ಹಿಂದೆ ಕಟ್ಟಿಗೆಯ ಒಂದು ಕೊರಡು ಉರುಳಿದ ಸದ್ದಾಯಿತು. ಪುಟ್ಟಜ್ಜ ಎಚ್ಚರಗೊಂಡು ಅತ್ತ. ಈ ಸಲ ಯಾರೂ ಗುನುಗಲಿಲ್ಲ.

ಮಾವ, ನಿಮ್ಮನ್ನು ಮರೆತು ಹಾಗೆ ಮಾಡಿದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಇವತ್ತು ಬಂದಿರಲಾರರು ಎಂದುಕೊಳ್ಳಲು ನನಗೆ ಆಸೆಯಿತ್ತು, ಹಾಗೇ ಅಂದುಕೊಂಡೆ.

ಮರುದಿನ ಮಣೆ ಇರಲಿಲ್ಲ. ಬಾಳೆಲೆ ಕಟ್ಟಿಗೆಯ ಮೇಲೆ ಒಣಗಿ ಬಿದ್ದಿತ್ತು. ಶನಿವಾರ ನೀರು ತರಲು ಹೋದಾಗ ನಲ್ಲಿಯ ಹತ್ತಿರ ಆಡುತ್ತಿದ್ದ ಮಕ್ಕಳು ಒಬ್ಬರಿಗೊಬ್ಬರು ಕೆಮ್ಮಿ ತೋರಿಸಿ, "ಕಮ್ ಬ್ಯಾಕ್ ಅಂಟಿಲ್ ಫ್ರೈಡೇ" ಎನ್ನುತ್ತಿದ್ದರು. ಅದರಲ್ಲಿ ನನ್ನ ಟ್ಯೂಷನ್ನಿಗೆ ಬರದ ಮಕ್ಕಳೇ ಹೆಚ್ಚು. ಟುಂಪೆ ಒಬ್ಬಳು ದೂರ ನಿಂತಿದ್ದಳು. ನನ್ನನ್ನು ಕಂಡು ತಲೆ ತಗ್ಗಿಸಿದಳು. ನಾನು ಗದರಬೇಕಿತ್ತು. ಕೊಡ ತುಂಬಿಸಿಕೊಂಡು ಬಂದೆ.

ಭಾನುವಾರ ಅತ್ತೆ ಬಂದರು. ಮಗುವಿನ ಕಾಲಿಗೆ ಎಣ್ಣೆ ಹಚ್ಚುತ್ತಾ, ನನ್ನ ಮುಖ ನೋಡದೆ ಮಾತಾಡಿದರು.

"ನಿಮ್ಮ ಮಾವನಿಗೆ ಏನಾಗಿದೆಯೋ ಗೊತ್ತಾಗ್ತಿಲ್ಲ ಕಣೇ. ಊಟಕ್ಕೆ ಕೂತ್ರೆ ಉಗಾಲಿ ಮುದ್ದೆ ಮುರೀತಾ ಕೂತಿರ್ತಾರೆ, ಬಾಯಿಗಿಡಲ್ಲ. ಸ್ವಾಗತದ ಮಾತು ಬೇರೆ ಯಾರಾದ್ರೂ ಆಡ್ಲಿ ಅಂತ ಪಾದ್ರಿಗೆ ಹೇಳಿ ಕಳಿಸಿದಾರೆ."

ಜ್ವರವೇ ಎಂದು ಕೇಳಿದೆ. ಕೇಳಲು ನನಗೆ ಬಾಯಿ ಬಂತು ನೋಡಿ.

"ಜ್ವರ ಇಲ್ಲ, ಗಿರ ಇಲ್ಲ. ನನ್ನನ್ನೇ ಕೂರಿಸ್ಕೊಂಡು ಕೇಳ್ತಾರೆ, 'ಹೋದ ವರ್ಷ ನಾನು ಹಾಗಂದೆನಾ, ನಿಜ ಹೇಳು, ಹಾಗಂದೆನಾ' ಅಂತ. ಹೆಂಗೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ. ನಾನೇನು ಹೇಳ್ಲಿ? ಅಂದಿರಬೇಕು ಬಿಡಿ, ಆದದ್ದಾಯ್ತು ಅಂದೆ. ಅಷ್ಟಕ್ಕೇ ಗೋಡೆ ಕಡೆ ತಿರುಗಿ ಮಲಗಿಬಿಟ್ರು."

ಆಮೇಲೆ ಎಣ್ಣೆಯ ಕೈ ಒರೆಸಿಕೊಂಡು ನನ್ನತ್ತ ನೋಡಿದರು. "ಕೆಮ್ಮೋದನ್ನೂ ಬಿಟ್ಟಿದಾರೆ. ಗಂಟಲು ಕಟ್ಟಿದ್ರೂ ನುಂಗ್ಕೋತಾರೆ. ಯಾಕೆ ಅಂತ ನಿಂಗೇನಾದ್ರೂ ಗೊತ್ತಾ ಮಗಳೇ?"

ಗೊತ್ತಿಲ್ಲ ಎಂದೆ ಮಾವ. ಎದುರಿಗೆ ಕೂತು, ನನ್ನ ಮಗುವಿನ ಕಾಲು ತಿಕ್ಕುತ್ತಿದ್ದವರಿಗೆ ಗೊತ್ತಿಲ್ಲ ಎಂದೆ.

ಸೋಮವಾರ ನಡೆದದ್ದು ನಿಮಗೂ ಗೊತ್ತಿದೆ, ಆದರೂ ನನ್ನ ಕಡೆಯಿಂದ ಅದು ಹೇಗಿತ್ತೆಂದು ಹೇಳಬೇಕು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಲೆಯ ಮೇಲೆ ನೀರಿನ ಬಕೆಟ್ಟು ಹೊತ್ತು ಬರುತ್ತಿದ್ದೆ. ನೀವು ಈಗ ನಮ್ಮ ಅಂಗಳ ತಪ್ಪಿಸಿ ಹಳ್ಳದ ಕಡೆಯಿಂದ ಸುತ್ತಿ ಹೋಗುತ್ತೀರೆಂದು ನನಗೆ ತಿಳಿದಿರಲಿಲ್ಲ. ನಾನೂ ಯಾರ ಮುಖವೂ ಬೇಡವೆಂದು ಅದೇ ದಾರಿ ಹಿಡಿದಿದ್ದೆ. ತಿರುವಿನಲ್ಲಿ ಕೆಮ್ಮು ಕೇಳಲಿಲ್ಲ. ತಿರುಗಿದರೆ ನೀವು. ಒಂದು ಕೈ ಬಕೆಟ್ಟಿನ ಮೇಲೆ, ಇನ್ನೊಂದು ಬೆನ್ನ ಹಿಂದೆ ಮಗುವಿನ ಮೇಲೆ. ಮುಖದ ಮೇಲೆ ಬಟ್ಟೆ ಎಳೆದುಕೊಳ್ಳಲು ನನಗೆ ಕೈ ಉಳಿದಿರಲಿಲ್ಲ.

ಮದುವೆಯಾದ ಮೇಲೆ ಮೊದಲ ಸಲ ನಿಮ್ಮ ಮುಖ ನೋಡಿದೆ. ಪುಟ್ಟಜ್ಜ ಅಳುವ ಮೊದಲು ಹುಬ್ಬು ಕೂಡಿಸುತ್ತಾನಲ್ಲ, ಆ ಹುಬ್ಬು ಎಲ್ಲಿಂದ ಬಂತೆಂದು ಅಲ್ಲಿ ಗೊತ್ತಾಯಿತು.

ನೀವು ಟೋಪಿ ತೆಗೆದು ನಿಮ್ಮ ಮುಖಕ್ಕೇ ಅಡ್ಡ ಹಿಡಿದುಕೊಂಡಿರಿ. ನಾನು ಮುಚ್ಚಿಕೊಳ್ಳಬೇಕಾದ ಮುಖಕ್ಕೆ ಬದಲು ನಿಮ್ಮ ಮುಖ ಮುಚ್ಚಿಕೊಂಡಿರಿ. ದಾರಿ ಬಿಟ್ಟು ಪಕ್ಕದ ಚರಂಡಿಗೆ ಇಳಿದಿರಿ, ಬೂಟು ಕೆಸರಿನಲ್ಲಿ ಹೂತಿತು, ಮುಳ್ಳುಬೇಲಿಗೆ ಕೋಟು ಸಿಕ್ಕಿಕೊಂಡಿತು. ಸೊಸೆ ಇಳಿದು ನಿಲ್ಲಬೇಕಾದ ಕಡೆ ಚರ್ಚಿನ ಹಿರಿಯರಾದ ನೀವು ಇಳಿದು ನಿಂತಿದ್ದಿರಿ. ನಾನು ನೀರು ಚೆಲ್ಲಿಕೊಂಡು ಓಡಿ ಬಂದೆ. ಮನೆಗೆ ಬಂದು ಬಕೆಟ್ಟು ಇಳಿಸಿದೆ. ಬಾಗಿಲಲ್ಲೇ ಕೂತುಬಿಟ್ಟೆ. ನಿಮ್ಮ ಮಗ ಬಂದು, "ಯಾಕೆ, ಹಾವು ಕಂಡ್ಯಾ?" ಎಂದರು. ಹೌದೆಂದು ತಲೆಯಾಡಿಸಿದೆ. ಅವರು ಕೋಲು ಹಿಡಿದು ಹಳ್ಳದ ದಾರಿಯೆಲ್ಲ ಹುಡುಕಿ ಬಂದರು. ಅವರಿಗೂ ಇನ್ನೂ ಹೇಳಿಲ್ಲ.

ಆ ದಿನ ನೀವು ಯಾಕೆ ಕೆಮ್ಮಲಿಲ್ಲವೆಂದು ನನಗೆ ಗೊತ್ತು. ನನಗಾಗಿ ಇಟ್ಟಿದ್ದ ಮರ್ಯಾದೆಯನ್ನು ನಾನು ಮಕ್ಕಳಿಗೆ ಆಟದ ಸಾಮಾನಾಗಿ ಕೊಟ್ಟೆ. ಈಗ ನೀವು ನನಗಾಗಿ ಕೆಮ್ಮಿದರೆ ದಾರಿಯಲ್ಲಿ ಹೋಗುವ ಹುಡುಗರು ನಗುತ್ತಾರೆ.

ನಾಳೆ ಗುರುವಾರ, ಮಕ್ಕಳು ಪಾಠಕ್ಕೆ ಬರುತ್ತಾರೆ. ಗ್ವಮಾಕಾ ಮೇಷ್ಟರಿಗೂ ಬರಲು ಹೇಳಿ ಕಳಿಸಿದ್ದೇನೆ. ಹಿರಿಯರನ್ನು ಅಣಕಿಸಿದ್ದು ನನ್ನ ತಪ್ಪು ಎಂದು ಅವರೆಲ್ಲರ ಮುಂದೆ ಹೇಳುತ್ತೇನೆ. ನಲ್ಲಿಯ ಹತ್ತಿರ ಕೆಮ್ಮಿ ಆಡುವ ಮಕ್ಕಳನ್ನೂ ಕರೆಸುತ್ತೇನೆ. ಎಂದಿಗಿಂತ ದನಿ ಎತ್ತರಿಸಿ, ನಿಧಾನವಾಗಿ ಹೇಳುತ್ತೇನೆ, ಗೋಡೆಯ ಆಚೆಗೂ ಕೇಳುವ ಹಾಗೆ. ಆಚೆ ಯಾರೂ ಇರದಿದ್ದರೂ ಹಾಗೇ ಹೇಳುತ್ತೇನೆ. ಅತ್ತೆಗೆ ಇವತ್ತು ಕಾಗದ ಕೊಡುವಾಗಲೇ ನಿಜ ಹೇಳಿಬಿಡುತ್ತೇನೆ.

ಭಾನುವಾರ ಸ್ವಾಗತದ ಮಾತು ನೀವೇ ಆಡಬೇಕೆಂದು ಬೇಡಿಕೊಳ್ಳುವ ಅಧಿಕಾರ ನನಗಿಲ್ಲ. ಪಾದ್ರಿಯವರಿನ್ನೂ ಬೇರೆ ಯಾರಿಗೂ ಹೇಳಿಲ್ಲ ಎಂದು ನಿಮ್ಮ ಮಗ ಹೇಳುತ್ತಿದ್ದರು, ಅಷ್ಟನ್ನು ಮಾತ್ರ ತಿಳಿಸುತ್ತೇನೆ. ನಾನು ಬೇಡುವುದು ಇನ್ನೂ ಚಿಕ್ಕದು. ಮುಂದಿನ ಸಲ ಆವಕಾಡೊ ಮರದ ಹತ್ತಿರ ಬಂದಾಗ ಕೆಮ್ಮಿ. ಯಾರು ನಕ್ಕರೂ ಕೆಮ್ಮಿ. ನಾನು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿ ಅಡಗಿಕೊಳ್ಳಬೇಕು.

ನಿಮ್ಮ ಹೆಸರು ಆಡಲಾರದ,
ಪುಟ್ಟಜ್ಜನ ತಾಯಿ
ಅಟುಗನಿಲೆ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಕಾಗದ ಮಡಚಿ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ನೀವು ಹಾಗೆ ಅನ್ನಲಿಲ್ಲ ಮಾವ. ಹೋದ ವರ್ಷ ಅತಿಥಿಗಳನ್ನು ಕಳಿಸಿಕೊಡುವಾಗ ಹೆಂಗಸರ ಸಾಲಿನ ಕೊನೆಯಲ್ಲಿ ಮುಖ ಮುಚ್ಚಿಕೊಂಡು ನಾನೂ ನಿಂತಿದ್ದೆ. ನೀವು ಅಂದದ್ದು 'ವಿ ವಿಲ್ ವೇಟ್ ಅಂಟಿಲ್ ಯು ಕಮ್' ಎಂದು. ನೀವು ಬರುವ ತನಕ ಕಾಯುತ್ತೇವೆ. ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಹಲಗೆಯ ಮೇಲಿದ್ದ ವಾಕ್ಯ ನನ್ನದು. ಹಿಂದಿನ ವಾರ ಬಾರದ ಮಕ್ಕಳಿಗೆ ಶುಕ್ರವಾರದೊಳಗೆ ಬನ್ನಿ ಎಂದು ಹೇಳಲು ನಾನೇ ಬರೆದದ್ದು, ಸರಿಯೆಂದು ತಿಳಿದೇ ಬರೆದದ್ದು. ಹಾಲಿನ ಕೇಂದ್ರದ ಪಾಠ ಹೇಳಿದವಳೇ ಬರೆದೆ. ನಿದ್ದೆಗೆಟ್ಟಿದ್ದೆ ಎಂದು ನಿಮ್ಮ ಮುಂದೆ ಹೇಳಿಕೊಳ್ಳಬಹುದಿತ್ತು. ಆದರೆ ಕಾಲೇಜಿನಲ್ಲಿ ಮಗುವೂ ಇರಲಿಲ್ಲ, ನಿದ್ದೆಯೂ ಚೆನ್ನಾಗಿತ್ತು, ಅಲ್ಲೂ ಇದೇ ತಪ್ಪಿಗೆ ಇಡೀ ತರಗತಿ ನನ್ನನ್ನು ನೋಡಿ ನಕ್ಕಿತ್ತು. ಟುಂಪೆ ಕೈ ಎತ್ತಿದಾಗ ಆ ನಗು ಮತ್ತೆ ಕೇಳಿಸಿತು. ಮೇಷ್ಟರ ಮುಂದೆ ಅದು ನನ್ನ ಮೇಲೆ ಬೀಳುವ ಮೊದಲೇ ನಿಮ್ಮ ಮೇಲೆ ಹಾಕಿದೆ. ಗೋಡೆಯ ಆಚೆಯಿಂದ ಹಲಗೆ ಕಾಣುವುದಿಲ್ಲ ಎಂಬ ಧೈರ್ಯ ನನಗಿತ್ತು.

ಈಗ ಎದ್ದು ಹೋಗಿ ನನ್ನ ಆ ತಪ್ಪು ವಾಕ್ಯವನ್ನು ಹಲಗೆಯ ಮೇಲೆ ಮತ್ತೆ ಬರೆದು, ಕೆಳಗೆ ನನ್ನ ಹೆಸರು ಹಾಕಿ ಬಂದೆ. ನಾಳೆ ಮಕ್ಕಳು ಬಂದು ಓದುವ ತನಕ ಅಳಿಸುವುದಿಲ್ಲ.